ಮಾಸ್ತರ್ರ ಬೇವಿನ ನೆರಳಿಗೆ ನಾ ಹುಲ್ಲು ಹಚ್ಚಿದ್ದು

ಒಂದು ಒಗಟು ಹೇಳ್ತೀನಿ. ನೆರಳಿದ್ರ ಬದುಕ್ತದ, ಅದೇ ನೆರಳಿನಿಂದ ಸಾಯ್ತದ. ಏನದು? ನಿಮಗ ಬರಂಗಿಲ್ಲ ಬಿಡ್ರಿ. ಕಮಲಾಪುರದಾಗ ನರ್ಸರಿ ಇಟ್ಟ ನಮ್ಮ ಮಾಮಾಗೇ ಬರಲಿಲ್ಲ.

ಹುಲ್ಲು ಹಚ್ಚೋ ಕೆಲಸದಾಗ ಇಂಥ ಫಜೀತಿ ವಾರಕ್ಕೊಂದು ಆಗ್ತದ. ನಾ ಇದ್ದಲ್ಲಿ ಎರಡು. ಹತ್ತನೇ ಕ್ಲಾಸಿನಾಗ ಗಣಿತ ಫೇಲಾಗಿ ನಾ ಮಾಮಾನ ಕೈಕೆಳಗ ಸೇರಿದಾಗ ಅಂವ ಒಂದು ಕರಾರು ಹಾಕಿದ: "ಕಲಬುರಗ್ಯಾಗ ನಿಮ್ಮ ಗಣಿತ ಮಾಸ್ತರ್ರ ಅಂಗಳದಾಗ, ಬೇವಿನ ಗಿಡದ ಕೆಳಗ ಹುಲ್ಲು ನಿಂದ್ರವಲ್ದು. ಎರಡು ತಿಂಗಳದಾಗ ನೀ ನಿಂದ್ರಿಸಿದ್ರ ಲಾನಿನ ಕೆಲಸ ಪೂರಾ ನಿಂದು. ಇಲ್ಲಾಂದ್ರ ಮತ್ತ ಪರೀಕ್ಷಾಕ್ಕ ಕೂಡು."

ಹುಲ್ಲಿಗಿಂತ ಮೊದಲು ನಾ ಹಳದಿ ಆದೆ.

೧. ಹುಲ್ಲಿನ ಮದುವಿ

ಕೈ ಪಳಗಲಿ ಅಂತ ಮೊದಲು ಮೋಮಿನಪುರದ ಒಬ್ಬ ಚಾಚಾನ ಮನಿಗೆ ಹೋದೆ. ಅವರ ಪೇರಲ ಗಿಡದ ಕೆಳಗ ಅಗಲ ಎಲಿಯ ಹುಲ್ಲು ಹಚ್ಚಿದೆ. ಅದಕ್ಕ ನೆರಳೇ ಬೇಕು, ಬಿಸಿಲು ಬಿದ್ರ ಹಪ್ಪಳ. ವಾರ ಬಿಟ್ಟು ಹೋಗಿ ನೋಡ್ತೀನಿ, ಗಿಡ ಬೋಳು!

"ಚಾಚಾ, ಟೊಂಗಿ ಎಲ್ಲಿ?"

"ಪಾಪ, ಬಿಸಿಲಿಲ್ದ ಘಾಸ್ ಹೆಂಗ ಬದುಕ್ತದ ಬೇಟಾ? ಎಲ್ಲಾ ಕಡಿಸೀನಿ."

ತಲಿ ಹಿಡ್ಕೊಂಡು ಕುಂತೆ. ಆಮ್ಯಾಲ ಹಳೇ ಚಾದರ ನಾಕು ತಂದು ಮ್ಯಾಲ ಡೇರೆ ಕಟ್ಟಿದೆ. ಬಾಜು ಮನಿಯವರು ಇಣುಕಿ, "ಯಾರ ಶಾದಿ?" ಅಂದ್ರು.

ಚಾಚಾ ಹೇಳಿದ್ರು: "ಹುಲ್ಲಿಂದು."

೨. ಮೂರು ಗೆರಿ

ಮಾಸ್ತರ್ರ ಅಂಗಳದಾಗ ನನಗ ಹೊಳೆದದ್ದು ಮಾಮಾಗೂ ಹೊಳೆದಿರಲಿಲ್ಲ. ನೆರಳು ಒಂದೇ ಕಡೆ ಕೂಡಂಗಿಲ್ಲ, ನಡೀತದ! ಮುಂಜಾನಿ, ಮಧ್ಯಾಹ್ನ, ಸಂಜಿ ಮೂರು ಹೊತ್ತೂ ನೆರಳಿನ ಅಂಚಿನ ಸುತ್ತ ಸುಣ್ಣದ ಗೆರಿ ಹಾಕಿದೆ. ಮೂರೂ ನೆರಳು ಬೀಳೋ ನಡುವಿಗೆ ಅಗಲ ಎಲಿ ಹುಲ್ಲು. ಒಂದು ಹೊತ್ತು ನೆರಳು, ಒಂದು ಹೊತ್ತು ಬಿಸಿಲು ಇದ್ದಲ್ಲಿ ಅದನ್ನೂ ಬಿಸಿಲು ತಾಳೋ ಕರಿಕಿ ಹುಲ್ಲನ್ನೂ ಅರ್ಧರ್ಧ ಕಲಸಿ. ಬರೇ ಬಿಸಿಲಿಗೆ ಬರೇ ಕರಿಕಿ. ಯಾವುದು ತಾಳ್ತದೋ ಅದು ತನ್ನ ಜಾಗ ಹಿಡೀಲಿ ಅಂತ.

ಮಾಸ್ತರ್ರು ಹೊರಗ ಬಂದು, ಒಂದರಾಗೊಂದು ಸೇರಿದ ಮೂರು ಸುತ್ತು ನೋಡಿ, ಚಷ್ಮಾ ಒರಿಸ್ಕೊಂಡು ಮತ್ತ ನೋಡಿದ್ರು.

"ಲೇ ತಮ್ಮಾ, ಇದು ಗಣಿತದಾಗಿನ ಗಣಗಳ ಚಿತ್ರ ಅಲ್ಲೇನೋ! ಪರೀಕ್ಷಾದಾಗ ಖಾಲಿ ಬಿಟ್ಟು ಬಂದಿದ್ದಿ. ಉತ್ತರ ನನ್ನ ಅಂಗಳದಾಗ ಬರ್ಯಾಕ ಕಾಯ್ದಿದ್ದೇನು?"

೩. ಪುಕಟ ಪಾಠ

ತಿಂಗಳೊಳಗ ಹುಲ್ಲು ಹಾಸಿಗಿ ಹಾಸಿದಂಗ ಬಂತು. ನಾ ಎದಿ ಉಬ್ಬಿಸ್ಕೊಂಡು ತಿರುಗಿದೆ. ಅಷ್ಟರಾಗ ಬ್ಯಾಸಿಗಿ ಬಂತು. ನಮ್ಮ ಕಲಬುರಗಿ ಬಿಸಿಲು ನಿಮಗ ಗೊತ್ತಲ್ಲ, ನೆರಳು ಕಂಡಲ್ಲಿ ಮಂದಿ. ಇಡೀ ಓಣಿ ಬಂದು ಹುಲ್ಲಿನ ಮ್ಯಾಲ ಕುಂತಿತು. ಒಬ್ಬರು ಪೇಪರ್ ಓದ್ತಾರ, ಒಬ್ಬರು ಮೆಣಸಿನಕಾಯಿ ತೊಟ್ಟು ಮುರೀತಾರ, ಒಬ್ಬ ಆಟೋದಾಂವ ಗೊರಕಿ ಹೊಡೀತಾನ. ಕೆಳಗ ಹುಲ್ಲು ಸಾಯಾಕತ್ತಿತ್ತು. ಒಗಟಿನ ಉತ್ತರ ಇದೇ ನೋಡ್ರಿ.

ಮಾಮಾ ಹುಲ್ಲು ನೋಡಾಕ ಬರೋದಕ್ಕ ಇನ್ನ ಹತ್ತೇ ದಿನ. ಬೈದ್ರ ಯಾರೂ ಏಳಲಿಲ್ಲ. ಒಂದು ರಟ್ಟಿನ ಮ್ಯಾಲ ಬರ್ದು ಗಿಡಕ್ಕ ಕಟ್ಟಿದೆ: "ಇಲ್ಲಿ ಕೂತವರಿಗೆ ಮಾಸ್ತರ್ರು ಪುಕಟ ಗಣಿತ ಹೇಳಿಕೊಡ್ತಾರ."

ಒಂದು ತಾಸಿನಾಗ ಅಂಗಳ ಖಾಲಿ! ಆಟೋದಾಂವ ಚಪ್ಪಲ್ ಬಿಟ್ಟು ಓಡ್ಯಾನ. ಹುಲ್ಲು ಮತ್ತ ತಲಿ ಎತ್ತಿತು.

ಮಾಮಾ ಕಮಲಾಪುರದಿಂದ ಕೆಂಪು ಬಾಳಿಹಣ್ಣಿನ ಗೊನಿ ಹೊತ್ತು ಬಂದ. ಹುಲ್ಲು ನೋಡಿದ, ಮುಟ್ಟಿದ, ಕಣ್ಣಾಗ ನೀರು ತಂದ. "ಇನ್ನ ನೀನೇ ನನ್ನ ಉಸ್ತಾದ. ಪರೀಕ್ಷಾ ಗಿರೀಕ್ಷಾ ಬ್ಯಾಡ!" ಅಂತ ಅಪ್ಪಿಕೊಂಡ.

ಈ ಕಡೀ ಮಾತು ನಾ ಕಟ್ಟಿ ಹೇಳಿದ್ದು. ಖರೇ ಅಂದ್ರ ಮಾಮಾ ಲಾನಿನ ಕೆಲಸಾನೂ ಕೊಟ್ಟ, ಪರೀಕ್ಷಾದ ಫಾರ್ಮೂ ಕೊಟ್ಟ. ಯಾಕಂದ್ರ ಆ ರಟ್ಟು ಮಾಸ್ತರ್ರೂ ಓದಿದ್ರು, ಓದಿ ಭಾಳ ಖುಷಿ ಆಗಿದ್ರು. ಈಗ ಆ ಹುಲ್ಲಿನ ಮ್ಯಾಲ ದಿನಾ ಸಂಜಿ ಗಣಿತದ ಪುಸ್ತಕ ಹಿಡ್ಕೊಂಡು ಕೂಡೋ ಹಕ್ಕು ಇಡೀ ಓಣಿಯಾಗ ನನಗೊಬ್ಬನಿಗೇ ಅದ.