ಜಗುಲಿಯ ಮೇಲೆ ಭಾವ, ಒಳಗೆ ಸರ್ವೆ

ರಾಜಕೀಯವನ್ನೂ ಅರಿಶಿನದ ಹಾಗೆ ತೂಗಿ ನೋಡಬಹುದು ಎಂದು ಕಾಲೇಜಿನ ಮೇಷ್ಟರು ಹೇಳಿದ ದಿನವೇ ನಾನು ವಿಜ್ಞಾನಿಯಾದೆ. ಯಾವುದು ಸರಿ, ಯಾವುದು ತಪ್ಪು ಎಂಬ ಮಾತನ್ನು ಬದಿಗಿಡಬೇಕು. ಜನರನ್ನು ಕೇಳಬೇಕು, ಬರೆದುಕೊಳ್ಳಬೇಕು, ಎಣಿಸಬೇಕು. ಇಷ್ಟೇ!

ರಜೆ ಬಂದದ್ದೇ ಚಾಮರಾಜನಗರದಲ್ಲಿ ಬಸ್ಸು ಹತ್ತಿ, ಗುಂಡ್ಲುಪೇಟೆಯಲ್ಲಿ ಇಳಿದು, ಭೀಮನಬೀಡಿನ ಅಕ್ಕನ ಮನೆ ಸೇರಿದೆ. ಭಾವ ಮಾದಪ್ಪನವರು ಪಂಚಾಯಿತಿ ಚುನಾವಣೆಗೆ ನಿಂತಿದ್ದರು. ಗೆಲ್ಲುವ ಆಸೆ ಎಷ್ಟಿತ್ತೆಂದರೆ, ವಾರದಿಂದ ಎಮ್ಮೆಗೂ ಕೈಮುಗಿಯುತ್ತಿದ್ದರು.

"ಗೆಲ್ತೀನಾ ಇಲ್ವಾ, ಅದೊಂದ ಯೋಳ್ಬುಡು," ಎಂದರು.

ಹೊಸಬ ಒಂಟಿಯಾಗಿ ಮನೆಮನೆಗೆ ನುಗ್ಗುವುದು ಅಲ್ಲಿ ಮರ್ಯಾದೆಯಲ್ಲ, ಊರಿನವರೊಬ್ಬರು ಜೊತೆಗಿರಬೇಕು. ಭಾವನನ್ನೇ ಕರೆದುಕೊಂಡು ಹೊರಟೆ. ಆದರೆ ವಿಜ್ಞಾನಕ್ಕೆ ಚ್ಯುತಿ ಬರಬಾರದಲ್ಲ? ಪ್ರತಿ ಮನೆಯಲ್ಲೂ ಅವರನ್ನು ಜಗುಲಿಯ ಮೇಲೆ ಕೂರಿಸಿ, ನಾನು ಬಾಗಿಲೊಳಗೆ ನಿಂತು ಓಟು ಯಾರಿಗೆ ಎಂದು ಕೇಳಿದೆ. ನಡುವೆ ಮೂರಡಿ ನಿಷ್ಪಕ್ಷಪಾತ.

"ನಿಮ್ಮ ಭಾವುನ್ಗೇ ಕಣಪ್ಪ, ಇನ್ಯಾರ್ಗಾಕಾವು," ಎಂದರು ಎಲ್ಲರೂ, ಜಗುಲಿಗೂ ಕೇಳುವಷ್ಟು ಗಟ್ಟಿಯಾಗಿ. ಚಿಕ್ಕತಾಯಮ್ಮ ಎಂಬ ಅಜ್ಜಿ ಮಾತ್ರ "ಯೋಳಕಿಲ್ಲ" ಎಂದರು. ಅವರ ಹೆಸರಿನ ಮುಂದೆ 'ತಿಳುವಳಿಕೆ ಸಾಲದು' ಎಂದು ಬರೆದೆ.

ಒಂದು ಮನೆ ಬಿಟ್ಟು ಊರೆಲ್ಲ ನಿಮ್ಮದೇ ಎಂದು ಭಾವನಿಗೆ ವರದಿ ಒಪ್ಪಿಸಿದೆ. ಅಕ್ಕ ನಡುವೆ ಬಾಯಿ ಹಾಕಿದಳು: "ಬ್ಯಾಸ್ಗೇಲಿ ನಮ್ ಬಾವಿಗೆ ಬೀಗ ಆಕುದ್ರಿ ಅಂತ ಎಂಗಸ್ರೆಲ್ಲ ಮಾತಾಡ್ಕತಾವ್ರೆ. ಈಗ್ಲಾದ್ರೂ ತಗದು, ತಪ್ಪಾಯ್ತು ಅನ್ನಿ."

ಭಾವ ನನ್ನ ಮುಖ ನೋಡಿದರು.

"ಅಕ್ಕಾ, ಅದು ಬಾವಿಕಟ್ಟೆ ಮಾತು. ಇದು ಅಂಕಿ ಅಂಶ," ಎಂದೆ.

ಭಾವ ನೆಮ್ಮದಿಯಾಗಿ ಮಲಗಿದರು. ಚುನಾವಣೆಯ ತನಕ ಏಳಲಿಲ್ಲ.

ಅಕ್ಕನ ಮನೆಯಲ್ಲಿ ಏಳು ಓಟು. ಎಣಿಸಿದಾಗ ಭಾವನಿಗೆ ಬಂದದ್ದು ಒಟ್ಟು ಆರು. ಸೊಪ್ಪು ಸೋಸುತ್ತಿದ್ದ ಅಕ್ಕ ತಲೆಯೆತ್ತಲಿಲ್ಲ.

ಭಾವನ ಕಣ್ಣು ತಪ್ಪಿಸಿ ಚಿಕ್ಕತಾಯಮ್ಮನ ಮನೆಗೆ ಓಡಿದೆ.

"ಊರೋರೆಲ್ಲ ಸುಳ್ಳು ಹೇಳಿಬಿಟ್ಟರಲ್ಲ ಅಜ್ಜಿ?"

"ಮನಗೆ ಬಂದೋರ ಮಕಕ್ಕ ಇಲ್ಲ ಅನ್ನಾಕಾದ್ದಾ? ಓಟ್ಗ ಪರದೆ ಕಟ್ಟಿ ಒಬ್ಬೊಬ್ರನ್ನೇ ಒಳಕ್ಕ ಬುಡ್ತಾರಲ್ಲ, ಅದ್ಯಾಕ ಅನ್ಕಂಡೆ? ನೀನು ನೋಡುದ್ರ, ಓಟ್ಗ ನಿಂತಿರೋನ್ನೇ ಜಗುಲೀಲಿ ಕುಂಡ್ರುಸ್ಕಂಡು ಕೇಳ್ತೀಯ."

"ಮತ್ತೆ ಏನು ಕೇಳಬೇಕಿತ್ತು?"

"ಬ್ಯಾಸ್ಗೇಲಿ ನೀರ ಯಾರ ಬಾವೀಲಿ ಸೇದ್ದೆ ಅಂತ ಕೇಳು. ಅದ ಯೋಳ್ತಿದ್ದೆ. ಮಿಕ್ಕುದ್ದ ನೀನೇ ತಿಳ್ಕೊ. ಓಟ ಯಾರ್ಗಾಕ್ದೆ ಅಂತ ಈಗ್ಲೂ ಯೋಳಕಿಲ್ಲ."

ಕೇಳುವ ವಿದ್ಯೆ, ಕೇಳಬಾರದ್ದನ್ನು ಬಿಡುವ ನ್ಯಾಯ, ಎರಡೂ ಈ ಅಜ್ಜಿಯ ಹತ್ತಿರ ಇದ್ದವು. ನನ್ನ ಹತ್ತಿರ ಇದ್ದದ್ದು ಪೆನ್ಸಿಲು.

"ಅದ್ಸರಿ, ನೀನೆಲ್ಲಿ ಓಟಾಕ್ದಪ್ಪ? ಚಾಮ್ರಾಜನಗರ್ದಲ್ಲಾ?"

ಓಟು ಹಾಕಲು ಆಗ ಇಪ್ಪತ್ತೊಂದು ತುಂಬಿರಬೇಕಿತ್ತು. ಭೀಮನಬೀಡಿನ ಚುನಾವಣಾ ಪಂಡಿತನಿಗೆ ಹತ್ತೊಂಬತ್ತು.

"ಇನ್ನೂ ವಯಸ್ಸಾಗಿಲ್ಲ ಅಜ್ಜಿ."

"ಅಂಗನ್ನು ಮತ್ತ," ಎಂದು ಅಜ್ಜಿ ಒಳಗೆ ಹೋಗಿ, ನನ್ನ ಅಂಗೈಗೆ ಒಂದು ಚೂರು ಬೆಲ್ಲ ಇಟ್ಟು, ಬೀದಿಯಲ್ಲಿ ಬಂಡಿ ಬರ್ತಾವೆ, ಬದಿಯಲ್ಲಿ ಹೋಗು ಎಂದು ಕಳಿಸಿದರು.