ನನ್ನ ಉಸಿರು, ಪುಣೆಯ ಉಶೀರ

ನೆಮ್ಮದಿಯಿಂದ ಬದುಕುವುದಕ್ಕೆ ಇಷ್ಟೊಂದು ಪಾಡು ಪಡಬೇಕಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ನಾನು ಗಾಬರಿಯಿಂದಲೇ ಬದುಕಿಬಿಡುತ್ತಿದ್ದೆ. ಅದೇನೂ ನನಗೆ ಕಷ್ಟದ ಕೆಲಸವಲ್ಲ. ಪುಣೆಯಲ್ಲಿ ಖಡಕಿಯ ಮನೆಯಿಂದ ಖರಾಡಿಯ ಆಫೀಸಿಗೆ ಹೋಗುವಷ್ಟರಲ್ಲಿ ಸಿಗ್ನಲ್ಲಿಗೊಮ್ಮೆ ಗಡಿಯಾರ ನೋಡಿಕೊಂಡು, ಮುಂದಿನ ಗಾಡಿಯವನ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿ, ಬೆವೆತು ನೀರಾಗಿ ಇಳಿಯುವ ಪ್ರಾಣಿ ನಾನು. ಬೆಳಗಾವಿ ಕಡೆಯವರಾದ ನಮ್ಮ ಡಾಕ್ಟರು ಒಂದು ದಿನ ನನ್ನ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹೊಡೆದು, "ಬಿ.ಪಿ. ಭಾಳ ಅದರೀ. ಒಂದ್ ತಿಂಗಳು ಟೈಮ್ ಕೊಡ್ತೀನಿ. ಮನಸ್ಸು ಶಾಂತ ಇಟ್ಕೊಂಡು ಇಳಿಸ್ಕೊಂಡು ಬರ್ರಿ. ಇಲ್ಲಾಂದ್ರ ದಿನಾ ಗುಳಿಗಿ, ಉಪ್ಪಿನಕಾಯಿ ಬಂದ್" ಎಂದರು. ಗುಳಿಗೆಗೆ ನಾನು ಹೆದರಲಿಲ್ಲ. ಉಪ್ಪಿನಕಾಯಿ ಇಲ್ಲದ ಉಳಿದ ಆಯುಷ್ಯವನ್ನು ನೆನೆದು ಕಣ್ಣು ತುಂಬಿ ಬಂತು.

ಹಾಗಾಗಿ, ಕನ್ನಡದಲ್ಲೇ ಧ್ಯಾನ ಹೇಳಿಕೊಡುವ ಗುರುಗಳೊಬ್ಬರು ಭಾನುವಾರ ನಡೆಸುವ ಶಿಬಿರಕ್ಕೆ ಸೇರಿಕೊಂಡೆ. ಎಚ್ಚರದಿಂದ ಬದುಕುವುದು ಹೇಗೆಂದು ಅಲ್ಲಿ ಕಲಿಸುತ್ತಾರೆ. ಒತ್ತಡ ಬಂತೆನ್ನಿಸಿದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಡಬೇಕು, ಕಣ್ಣು ಮುಚ್ಚಬೇಕು, "ಉಸಿರು... ಉಸಿರು..." ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತ ಉಸಿರಾಟವನ್ನು ಗಮನಿಸಬೇಕು. ನಾನು ಇದನ್ನು ಶ್ರದ್ಧೆಯಿಂದ ಪಾಲಿಸಿದೆ, ಅದರಲ್ಲೂ ಕೈಯಲ್ಲಿದ್ದ ಕೆಲಸ ಬಿಡುವ ಭಾಗವನ್ನು. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತೆ. ಗ್ಯಾಸಿನವನು ಬಾಗಿಲು ಬಡಿದಾಗಲೂ ಕಣ್ಣು ಮುಚ್ಚಿ ನಿಂತೆ. ಪ್ರತಿ ಸಲವೂ ನನ್ನ ಹೆಂಡತಿ ಪ್ರಮೀಳಾ ಎಲ್ಲಿಂದಲೋ ಓಡಿಬಂದು ಪ್ರಸಂಗವನ್ನು ನಿಭಾಯಿಸಿದಳು. ಎಲ್ಲ ತಾನಾಗಿಯೇ ಸರಿಹೋಗುತ್ತದೆ ಎಂಬ ಗುರುಗಳ ಮಾತು ಎಷ್ಟು ಸತ್ಯ ಎಂದು ನಾನು ತಲೆದೂಗಿದೆ.

ತೊಂದರೆ ಎದ್ದದ್ದು ಮನೆಯ ಹೊರಗೆ. ಮರಾಠಿಯಲ್ಲಿ 'ಉಶೀರ' ಎಂದರೆ ತಡ. ಆಫೀಸಿನಲ್ಲಿ ನಾನು ಕಣ್ಣು ಮುಚ್ಚಿ "ಉಸಿರು" ಎಂದಾಗಲೆಲ್ಲ ಸುತ್ತಲಿನ ಮರಾಠಿ ಮಂದಿ ಬೆಚ್ಚಿಬಿದ್ದು ಗಡಿಯಾರ ನೋಡಿಕೊಂಡು ಮೀಟಿಂಗಿಗೆ ಓಡತೊಡಗಿದರು. ಈ ಊರಿನ ಮಾತು ನನ್ನನ್ನು ಮೊದಲಿನಿಂದಲೂ ಹೀಗೇ ಆಟವಾಡಿಸಿದೆ. ಪುಣೆಗೆ ಬಂದ ಹೊಸತರಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಹೋಗಿ, "ಮನೆ ಖಾಲಿ ಇದೆಯೇ?" ಎಂದು ಹಿಂದಿಯಲ್ಲಿ ಕೇಳಿದ್ದೆ. ಮಾಲೀಕರು "ಹೋ, ಹೋ" ಎಂದರು. ಮರಾಠಿಯಲ್ಲಿ ಹಾಗೆಂದರೆ 'ಹೌದು' ಎಂದು ಗೊತ್ತಿಲ್ಲದ ನಾನು, ಇಷ್ಟು ಒರಟಾಗಿ ಹೋಗು ಎನ್ನಬೇಕೇ ಎಂದು ಮುಖ ಊದಿಸಿಕೊಂಡು ಚೀಲ ಎತ್ತಿಕೊಂಡು ಹೊರಟಿದ್ದೆ. ಪಾಪ, ಅವರು ಗೇಟಿನ ತನಕ ಬೆನ್ನಟ್ಟಿ ಬಂದಿದ್ದರು.

ತಿಂಗಳು ಮುಗಿಯಿತು. ಡಾಕ್ಟರಿಗೆ ಮುಖ ತೋರಿಸಲು ಪ್ರಮೀಳಾಳೊಂದಿಗೆ ಸ್ವಾರಗೇಟಿನ ದವಾಖಾನೆಗೆ ರಿಕ್ಷಾ ಹತ್ತಿದೆ. ಉಪ್ಪಿನಕಾಯಿಯ ಹಣೆಬರಹ ಇಂದು ತೀರ್ಮಾನವಾಗುತ್ತದೆ ಎಂದು ಎದೆ ಡವಗುಟ್ಟತೊಡಗಿತು. ಕಣ್ಣು ಮುಚ್ಚಿ "ಉಸಿರು..." ಎಂದೆ. "ಉಶೀರ ಝಾಲಾ ಕಾ ಸಾಹೇಬ?" ಎಂದ ರಿಕ್ಷಾದವನು ನಮಗೆ ತಡವಾಗಿದೆಯೆಂದೇ ತಿಳಿದು ಗಾಡಿಯನ್ನು ಜೋರು ಮಾಡಿದ. ನನಗೆ ಭಯವಾಯಿತು. ಭಯವೂ ಒತ್ತಡವೇ. "ಉಸಿರು, ಉಸಿರು!" ಎಂದೆ. ಅವನು ಬಸ್ಸಿಗೂ ಟೆಂಪೋಕ್ಕೂ ನಡುವಿನ, ಇದ್ದೂ ಇಲ್ಲದಂಥ ಸಂದಿಯಲ್ಲಿ ನುಗ್ಗಿದ. ನಿಲ್ಲಿಸು ಎನ್ನೋಣವೆಂದರೆ ಇಷ್ಟು ವರ್ಷ ಕಲಿತ ಮರಾಠಿಯಲ್ಲಿ ಒಂದಕ್ಷರವೂ ಬಾಯಿಗೆ ಬರಲಿಲ್ಲ. ಬಂದದ್ದು ಅದೊಂದೇ: "ಉಸಿರು!"

"ಅಲ್ರೀ, ಆ ಶಬ್ದ ಒಂದು ಬಿಡ್ರೀ!" ಎಂದು ಪ್ರಮೀಳಾ ನನ್ನ ತೋಳು ಹಿಡಿದು ಅಲುಗಾಡಿಸಿದಳು. "ಅಂವಾ ಇಬ್ಬರ ಉಸಿರೂ ನಿಲ್ಲಿಸ್ತಾನ!"

ದವಾಖಾನೆಯ ಮುಂದೆ ಇಳಿದು ನಡುಗುತ್ತ ನಿಂತ ನನ್ನನ್ನು ನೋಡಿ ರಿಕ್ಷಾದವನಿಗೆ ಕರುಳು ಚುರ್ರೆಂದಿರಬೇಕು. "ಉಶೀರ ನಾಹೀ ಝಾಲಾ, ಕಾಳಜೀ ನಕಾ ಕರೂ" ಎಂದ. ಇನ್ನೂ ಹೊತ್ತು ಮೀರಿಲ್ಲ, ಚಿಂತೆ ಮಾಡಬೇಡಿ ಎಂದು. ಹೊತ್ತು ಮೀರುವುದಿರಲಿ, ದವಾಖಾನೆಯ ಬಾಗಿಲೇ ತೆರೆದಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕುಳಿತು ಯಾರ ಕಾಟವೂ ಇಲ್ಲದೆ ಮನಸಾರೆ ಉಸಿರಾಡಿದೆ. ಅಷ್ಟರಲ್ಲಿ ಪ್ರಮೀಳಾ ಬಾಗಿಲ ಮುಂದೆ ಪಾಳಿ ಹಚ್ಚಿದಳು, ನನಗೆ ನೀರು ತಂದಳು, ನಾನು ನೀರಿನ ಮೋಟರು ಹಚ್ಚಿ ಹಾಗೇ ಬಿಟ್ಟು ಬಂದದ್ದು ನೆನಪಾಗಿ ಪಕ್ಕದ ಮನೆಯವರಿಗೆ ಫೋನು ಮಾಡಿ ಬಂದ್ ಮಾಡಿಸಿದಳು. ಬಾಗಿಲು ತೆರೆದ ಮೇಲೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು.

"ಶಾಬಾಸ್! ಈಗ ಸರಿ ಅದ ನೋಡ್ರಿ" ಎಂದು ಡಾಕ್ಟರು ನನ್ನ ತೋಳಿನ ಪಟ್ಟಿ ಬಿಚ್ಚಿದರು. ನಾನು ಗೆದ್ದ ಪೈಲ್ವಾನನ ಹಾಗೆ ಹೆಂಡತಿಯ ಕಡೆ ನೋಡಿದೆ. "ಬರ್ರಿ ವೈನಿ, ಬಂದೀರಿ ಅಂದಮ್ಯಾಲ ನಿಮ್ದೂ ನೋಡೇ ಬಿಡೋಣು" ಎಂದು ಅವರು ಅವಳಿಗೂ ಪಟ್ಟಿ ಕಟ್ಟಿದರು. ಗಾಳಿ ಹೊಡೆದರು. ಮತ್ತೊಮ್ಮೆ ಹೊಡೆದರು. ಮುಖ ಗಂಭೀರವಾಯಿತು.

"ತಲಿ ಸುತ್ತತದೇನ್ರಿ ವೈನಿ?"

"ಹೌದ್ರಿ."

"ಯಾವಾಗಿಂದ?"

"ಒಂದ್ ತಿಂಗಳಾತ್ರಿ," ಎಂದಳು ಪ್ರಮೀಳಾ. "ಇವರು ಶಾಂತ ಆದಾಗಿಂದ."

ನೆಲ ಬಾಯಿಬಿಟ್ಟರೆ ಸಾಕು ಎನ್ನಿಸಿತು. ಅವಳು ಅದನ್ನು ದೂರಿನ ಹಾಗೆ ಹೇಳಿರಲೂ ಇಲ್ಲ. ಡಾಕ್ಟರು ಗುಳಿಗೆ ಬರೆಯುತ್ತಿದ್ದಂತೆ ನಾನು ಧಡಕ್ಕನೆ ಎದ್ದೆ. ಇನ್ನು ಮುಂದೆ ಈ ಮನೆಯಲ್ಲಿ ಓಡುವವನು ನಾನು ಎಂದುಕೊಂಡು ರಸ್ತೆ ದಾಟಿ ಔಷಧದ ಅಂಗಡಿಗೆ ಒಂದೇ ಓಟ ಓಡಿದೆ. ಅಂಗಡಿಯವನು ಡಾಕ್ಟರ ಚೀಟಿ ಕೇಳಿದ. ಜೇಬು ತಡಕಿಕೊಂಡು ಹಿಂದಿರುಗಿ ನೋಡಿದರೆ, ಬಸ್ಸು ರಿಕ್ಷಾಗಳ ನಡುವೆ ದಾರಿ ಮಾಡಿಕೊಳ್ಳುತ್ತ ಪ್ರಮೀಳಾ ಏದುಸಿರು ಬಿಟ್ಟುಕೊಂಡು ಓಡಿಬರುತ್ತಿದ್ದಳು, ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ನನ್ನ ಚಪ್ಪಲಿ.