ಕಂಪ್ಯೂಟರಿನ ಮುಂದೆ ಇಟ್ಟ ಎಡೆ

ಶ್ರದ್ಧೆಯ ವಿಷಯದಲ್ಲಿ ನನ್ನಲ್ಲಿ ಯಾರೂ ತಪ್ಪು ಹುಡುಕಲಾರರು ಎಂದು ನಂಬಿದ್ದೆ. ಹೆಂಡತಿ ಸರೋಜ ತೀರಿಕೊಂಡಾಗ, ವರ್ಷ ತುಂಬುವವರೆಗೆ ಮನೆಗೆ ಹೊಸದೇನೂ ಬರಕೂಡದು ಎಂದು ಮಡಕಶಿರದಿಂದ ಬಂದ ಅವಳ ಅಕ್ಕ ನಾಗಕ್ಕ ಅಪ್ಪಣೆ ಮಾಡಿದರು. ನಾನು ಹೊಸ ಪೊರಕೆಯನ್ನೂ ತರಲಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವವನಾಗಿದ್ದೂ ಒಂದೇ ಹಳೆಯ ಪ್ಯಾಂಟಿನಲ್ಲಿ ಓಡಾಡಿದೆ.

ಹೊಲಿಗೆ ನಡೆಯುವುದು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ. ಅಲ್ಲಿನ ಕಂಪ್ಯೂಟರ್ ಸರೋಜಳದ್ದು. ಹಿಂಜೇಬಿನ ಕಸೂತಿಯನ್ನು ಅವಳು ಅದರಲ್ಲಿ ಬರೆಯುತ್ತಿದ್ದಳು, ಯಂತ್ರ ಹೊಲಿಯುತ್ತಿತ್ತು. ಕೊನೆಗೆ ಬರೆದದ್ದು ತವರಿನ ಶೇಂಗಾ ಬಳ್ಳಿ: ಎರಡು ಎಲೆ, ಒಂದು ಕಾಯಿ. ಕೈಗೆ ಸಿಕ್ಕ ಬಟ್ಟೆಯ ಮೇಲೆ ಒಮ್ಮೆ ಹೊಲಿದು ನೋಡಿ, ಚೆನ್ನಾಗಿದೆ ಎಂದು ತಾನೇ ಹೇಳಿಕೊಂಡು ಆಸ್ಪತ್ರೆಗೆ ಹೋದಳು. ತಿರುಗಿ ಬರಲಿಲ್ಲ. ವರ್ಷ ತುಂಬಿದ ದಿನ ಆ ಬಳ್ಳಿಯನ್ನೇ ಹೊಲಿಸಬೇಕೆಂಬುದು ನನ್ನ ಒಂದೇ ಆಸೆ.

ಆದರೆ ಕಂಪ್ಯೂಟರ್ ದಿನವೂ ಅಪ್‌ಡೇಟ್ ಬೇಡುತ್ತಿತ್ತು. ಅದನ್ನು ರಿಪೇರಿ ಮಾಡುವ ಬಾಷಾ ಬೆನ್ನು ಬಿಡಲಿಲ್ಲ.

"ಹಾಕಿಸ್ಬಿಡ್ರಿ ಅಣ್ಣಾರ. ಈ ಸಾಫ್ಟ್‌ವೇರ್‌ನಾಗ ಒಂದು ತೂತು ಐತಿ. ಎಲ್ಲೋ ಕುಂತಾವ ನಿಮ್ಮ ಕಂಪ್ಯೂಟರ್ ಕಡಿಂದ ತನಗ ಬೇಕಾದ್ದು ಮಾಡಿಸ್ತಾನ. ನೀವು ಏನೂ ಒತ್ತೋದೇ ಬ್ಯಾಡ."

"ಅಪ್‌ಡೇಟ್ ಅಂದ್ರ ಹೊಸದೇನು?"

"ಹೊಸದೇ ರೀ."

"ಹಂಗಾದ್ರ ವರ್ಷ ತುಂಬಲಿ."

"ತೂತಿಗೆ ಸೂತಕ ಇರಂಗಿಲ್ರಿ," ಎಂದು ಅವನು ಹೋದ.

ಒಂದು ಮಧ್ಯಾಹ್ನ, ನಾಗಕ್ಕ ಬಂದಿದ್ದಾಗ, ಪರದೆಯ ಮೇಲಿನ ಬಾಣ ತಾನಾಗಿಯೇ ನಡೆಯತೊಡಗಿತು. ಯಾರೂ ಮುಟ್ಟಿರಲಿಲ್ಲ. ಒಂದೊಂದೇ ಫೋಲ್ಡರ್ ತೆರೆದು, ಮುಚ್ಚಿ, ಏನನ್ನೋ ಹುಡುಕುತ್ತಿತ್ತು.

ನಾಗಕ್ಕ ಕೈಯ ಮೊರ ಕೆಳಗಿಟ್ಟರು. "ಸರೋಜಿ ಕಣಪ್ಪ. ತಿಥಿ ದಿನ ಕಾಗೆ ಎಡೆ ಮುಟ್ಲೇ ಇಲ್ಲ. ಏನೋ ಆಸೆ ಉಳ್ಕಂಡೈತೆ."

"ಏನು ಹುಡುಕಾಕತ್ಯಾಳ?"

"ಕನ್ನಡಕ ಇರ್ಬೇಕು. ಬದುಕಿದ್ದಾಗ್ಲೂ ಅದೇ ಕೆಲಸ ಅಲ್ವಾ?"

ಕನ್ನಡಕ ತಂದಿಟ್ಟೆ. ಬಾಣ ನಿಲ್ಲಲಿಲ್ಲ. ಅವಳಿಗೆ ಪ್ರಿಯವಾದ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ ತಂದು ಕೀಬೋರ್ಡಿನ ಮುಂದೆ ಎಡೆ ಇಟ್ಟು ಊದುಬತ್ತಿ ಬೆಳಗಿದೆ. ಅಷ್ಟರಲ್ಲಿ ಬಾಣ ಶೇಂಗಾ ಬಳ್ಳಿಯಿದ್ದ ಫೋಲ್ಡರಿಗೇ ಹೋಯಿತು. ನಾವಿಬ್ಬರೂ ಕೈಮುಗಿದೆವು.

"ನಿನ್ನದೇ ಅಲ್ಲೇನು, ತಗೋ," ಎಂದೆ.

ತೆಗೆದುಕೊಂಡಿತು! ಪರದೆ ಕೆಂಪಾಗಿ, ಇಂಗ್ಲಿಷಿನಲ್ಲಿ ಏನೋ ಬೆದರಿಕೆ ಮೂಡಿತು. ಸರೋಜಳಿಗೆ ಅಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ. ಆಗ ಅನುಮಾನ ಬಂತು.

ಬಾಷಾ ಬಂದು ನೋಡಿದ. ಕೆಲಸ ಕೆಟ್ಟಾಗ ಅವನಿಗೆ ತೆಲುಗೇ ಬರುವುದು. "ಅಯಿಪೋಯಿಂದಿ," ಎಂದ, ಎಲ್ಲ ಮುಗಿಯಿತು ಎಂದು. ಎಡೆಯಿಂದ ಒಂದು ಮಿರ್ಚಿ ಎತ್ತಿಕೊಂಡ. "ಆ ತೂತಿನಾಗಿಂದ ಬಂದು ಎಲ್ಲಾ ಫೈಲಿಗೂ ಬೀಗ ಜಡಿದಾನ. ಬಳ್ಳಿ ಇನ್ನ ಸಿಗಂಗಿಲ್ರಿ. ಯಾವ ದೇಶದ ಕಳ್ಳನೋ, ನೀವು ಅವನಿಗೆ ಮಿರ್ಚಿ ಎಡೆ ಇಟ್ಟೀರಿ."

ಕಳ್ಳ ಮನೆ ದೋಚುವಾಗ ಊದುಬತ್ತಿ ಬೆಳಗಿದ ಗೃಹಸ್ಥ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ನಗು ಬರಲಿಲ್ಲ. ಅವಳು ಎರಡನೆಯ ಸಲ ಹೋದಂತಾಯಿತು. ಪ್ಲಗ್ ಕೀಳಲು ಬಗ್ಗಿದೆ.

"ಏಯ್, ಅಂಗೇ ಇರಪ್ಪ," ಎಂದರು ಹಿಂದಿನಿಂದ ನಾಗಕ್ಕ. "ನಿನ್ನ ಕುಂಡಿ ಮ್ಯಾಲೆ ಇರೋದು ಏನು?"

ಎರಡು ಎಲೆ, ಒಂದು ಕಾಯಿ. ಸರೋಜಳ ಕೈಗೆ ಅಂದು ಸಿಕ್ಕ ಬಟ್ಟೆ ನನ್ನ ಪ್ಯಾಂಟೇ. ಜೇಬು ಬಿಚ್ಚಿ, ಬಳ್ಳಿ ಹೊಲಿದು, ಮತ್ತೆ ಕೂಡಿಸಿದ್ದಳು. ಬಣ್ಣ ಹೋಗದಿರಲು ಜೀನ್ಸನ್ನು ಒಳಮೈ ಹೊರಗೆ ಮಾಡಿ ಒಗೆಯಬೇಕೆಂದು ಅವಳೇ ಕಲಿಸಿದ್ದಳು. ಒಗೆಯುವಾಗಲೂ ನನಗೆ ಕಾಣಲಿಲ್ಲ.

"ಊರೆಲ್ಲ ನೋಡೈತೆ, ನೀನೊಬ್ಬ ನೋಡಿಲ್ಲ," ಎಂದರು ನಾಗಕ್ಕ.

ಬಳ್ಳಿಯನ್ನು ಮತ್ತೆ ಬರೆಸಲು ಬಾಷಾ ಫೋಟೋ ತೆಗೆಯತೊಡಗಿದ. ನಾನು ಎಡೆಯ ಮುಂದೆ ಬಗ್ಗಿ ನಿಂತಿದ್ದೆ.

"ಅಳಬ್ಯಾಡ್ರಿ ಅಣ್ಣಾರ. ಬಳ್ಳಿ ಅಲ್ಲಾಡ್ತೈತಿ."

ಅವಳ ಕೊನೆಯ ಕೆಲಸವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಅಷ್ಟು ದಿನವೂ ಅದರ ಮೇಲೆಯೇ ಕೂತಿದ್ದೆ.